ಕಂಡಕ್ಟರ್ ಚಿಕ್ಕಪ್ಪನ ದೇಶವರ್ಣನೆ

ನಮ್ಮ ಚಿಕ್ಕಪ್ಪನ ಪ್ರಕಾರ ಭಾರತ ದೇಶ ಬೈಂದೂರಿನಲ್ಲಿ ಶುರುವಾಗಿ ಬ್ರಹ್ಮಾವರದಲ್ಲಿ ಮುಗಿಯುತ್ತದೆ! ಉತ್ತರಕ್ಕೆ ಭಟ್ಕಳ, ದಕ್ಷಿಣಕ್ಕೆ ಉಡುಪಿ, ಇವೆರಡು ನೆರೆರಾಷ್ಟ್ರಗಳು. ಮಂಗಳೂರು ಬೇರೆಯೇ ಖಂಡ. ಬೆಂಗಳೂರು? ಇದೆಯಂತೆ. ಟೀವಿಯವರು ಹೇಳುತ್ತಾರೆ, ಅವರೇಕೆ ಸುಳ್ಳು ಹೇಳಿಯಾರು!

ಇಷ್ಟು ಹೇಳಿದ ಮಾತ್ರಕ್ಕೆ ಚಿಕ್ಕಪ್ಪ ಹೊಸಿಲು ದಾಟದ ಮನುಷ್ಯ ಎಂದುಕೊಳ್ಳಬೇಡಿ. ನಮ್ಮ ಮನೆತನದಲ್ಲಿ ಅವರಷ್ಟು ಓಡಾಡಿದವರು ಮತ್ತೊಬ್ಬರಿಲ್ಲ. ಮೂವತ್ಮೂರು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ದಿನಕ್ಕೆ ನಾಲ್ಕು ಟ್ರಿಪ್ಪು, ಬೈಂದೂರಿನಿಂದ ಬ್ರಹ್ಮಾವರಕ್ಕೆ, ಬ್ರಹ್ಮಾವರದಿಂದ ಬೈಂದೂರಿಗೆ. ಆ ದೂರವನ್ನೆಲ್ಲ ನೇರವಾಗಿ ಓಡಿದ್ದರೆ ಇಷ್ಟು ಹೊತ್ತಿಗೆ ಭೂಮಿಯನ್ನು ಎಷ್ಟು ಸುತ್ತು ಹಾಕಿರುತ್ತಿದ್ದರೋ! ಆದರೆ ಬಸ್ಸಿನ ಪರ್ಮಿಟ್ ಇದ್ದದ್ದು ಬ್ರಹ್ಮಾವರದವರೆಗೆ ಮಾತ್ರ. ದೇಶ ಅಲ್ಲಿಗೆ ಮುಗಿಯದೆ ಇನ್ನೇನಾದೀತು?

ಎರಡು ವರ್ಷದ ಹಿಂದೆ ಅವರು ಕೆಲಸ ಬಿಟ್ಟು ಸಾಲಿಗ್ರಾಮದ ಮನೆಯಲ್ಲಿ ಕೂತರು. ಕೂತರು ಎನ್ನುವುದು ಮಾತಿಗೆ. ಮನೆಯಿರುವುದು ಹೈವೇಯಿಂದ ಕೂಗಳತೆಯಲ್ಲಿ. ಬೆಳಗ್ಗೆಯಿಂದ ಸಂಜೆಯವರೆಗೆ ಜಗಲಿಯಲ್ಲಿ ಕಿವಿ ನಿಮಿರಿಸಿಕೊಂಡು, ಹಾರ್ನ್ ಕೇಳಿಯೇ ಅದು ಯಾವ ಬಸ್ಸು, ಡ್ರೈವರ್ ಯಾರು, ಅವನಿಗೆ ಇವತ್ತು ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಎಲ್ಲ ಹೇಳುತ್ತಿದ್ದರು. ಚಿಕ್ಕಮ್ಮ ಒಳಗಿನಿಂದ, "ಹ್ವಾಯ್, ಊಟಕ್ಕೆ ಬನಿ, ಸಾರ್ ತಣ್ದ್ ಹೋಯ್ತ್" ಎಂದರೆ, "ಕುಂದಾಪುರದ್ ಬಸ್ ಹೋಯ್ಲಿ, ಬತ್ತೆ" ಎನ್ನುವರು. ಬಸ್ಸು ಹೋದ ಮೇಲೂ ಬರುತ್ತಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು. ಚಿಕ್ಕಮ್ಮ ಮಾತ್ರ ನಗುತ್ತಿರಲಿಲ್ಲ. "ಊಟ ಅರ್ಧಕ್ಕ್ ಬಂದಿತ್ತ್ ಮಾರಾಯ್ತಿ. ಆ ಕೆಲಸ ಬಿಟ್ಟ್ ಮೇಲೆ ಮನ್ಷ ಮನ್ಷ ಆಯ್ಲಿಲ್ಲೆ" ಎಂದು ಒಮ್ಮೆ ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ್ದರು.

ಹೀಗಿರುವಾಗ ಒಂದು ದಿನ ಚಿಕ್ಕಪ್ಪ ಬ್ರಹ್ಮಾವರದ ನಮ್ಮ ಮನೆಗೆ ಬಂದಿಳಿದರು. ಕಾಲು ತೊಳೆಯುವ ಮೊದಲೇ ಘೋಷಣೆ.

"ಹೆಣ್ಣೆ, ನಂಗೆ ಇಂಗ್ಲಿಷ್ ಕಲ್ಸ್!"

ನಾನು ಇಲ್ಲಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್. ಹತ್ತನೇ ಕ್ಲಾಸಿನ ಮಕ್ಕಳೇ ಬೇಡ ಬೇಡ ಎಂದು ಓಡುವ ವಸ್ತುವನ್ನು ಅರವತ್ತು ದಾಟಿದವರೊಬ್ಬರು ಮನೆಗೇ ಬಂದು ಕೇಳಿದರೆ ಹೇಗಾಗಬೇಡ! ಕಾರಣ ಕೇಳಿದೆ. ತ್ರಾಸಿ ಕಡೆಯ ಯುವಕನೊಬ್ಬ ಹೊಸ ವ್ಯಾನು ತಂದಿದ್ದಾನಂತೆ. ಹೊರಗಿನಿಂದ ಬಂದವರನ್ನು ಕೂರಿಸಿಕೊಂಡು ನಮ್ಮ ಕರಾವಳಿ ತೋರಿಸುವುದು ಅವನ ಉದ್ಯೋಗ. ಊರಿನ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳುವವರು ಅವನಿಗೆ ಬೇಕಾಗಿದೆಯಂತೆ.

"ಊರಿನ ಬಗ್ಗೆ ನನ್ಕಿಂತ ಗೊತ್ತಿಪ್ಪೋರ್ ಯಾರಿದ್ರ್? ಇಂಗ್ಲಿಷ್ ಒಂದೇ ಬಾಕಿ ಇಪ್ಪುದ್" ಎಂದರು ಚಿಕ್ಕಪ್ಪ.

"ಎಷ್ಟ್ ಇಂಗ್ಲಿಷ್ ಬೇಕ್ ಚಿಕ್ಕಪ್ಪ?"

"ಬೈಂದೂರಿಂದ ಬ್ರಹ್ಮಾವರದ್ ತನ್ಕ ಸಾಕ್!"

ಇಂಗ್ಲಿಷನ್ನು ಕಿಲೋಮೀಟರಿನಲ್ಲಿ ಅಳೆದುಕೊಡುವುದು ನನಗೆ ಗೊತ್ತಿಲ್ಲವಲ್ಲ! ಕಪಾಟು ತಡಕಿದೆ. ಮಕ್ಕಳಿಗೆ ಪ್ರಬಂಧ ಬರೆಯಲೆಂದು ಮಾಡಿಟ್ಟಿದ್ದ ಒಂದು ಹಾಳೆ ಸಿಕ್ಕಿತು. ಒಂದು ದೇಶವನ್ನು ವರ್ಣಿಸಲು ಬೇಕಾದ ಇಂಗ್ಲಿಷ್ ಪದಗಳು. ಇತಿಹಾಸಕ್ಕೆ ಒಂದು ಸಾಲು, ಸಮಾಜಕ್ಕೆ ಒಂದು ಸಾಲು, ನೆಲ-ಜಲಕ್ಕೆ ಒಂದು ಸಾಲು. ಪಕ್ಕದಲ್ಲಿ ಕನ್ನಡದಲ್ಲಿ ಉಚ್ಚಾರ, ಅರ್ಥ. ಒಟ್ಟು ನಲವತ್ತು ಶಬ್ದ. ಚಿಕ್ಕಪ್ಪ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು.

"ಇಷ್ಟ್ರಲ್ಲಿ ಒಂದ್ ದೇಶ ಮುಗೀತಾ?"

"ಸಾಧಾರಣ ದೇಶ ಆರೆ ಮುಗೀತ್ತ್" ಎಂದೆ.

"ನಮ್ದ್ ಸಾಧಾರಣ ಅಲ್ದಲೆ!" ಎನ್ನುತ್ತ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಸೇರಿಸಿ ಮುಂದಿನ ಬಸ್ಸಿಗೇ ಹೋದರು.

ವಾರ ಕಳೆದು ಸಾಲಿಗ್ರಾಮಕ್ಕೆ ಹೋದೆ. ಅಂಗಳದಲ್ಲಿ ಕಾಲಿಡುವಾಗ ಕಂಡದ್ದೇನು? ಚಿಕ್ಕಪ್ಪ ಜಗಲಿಯ ಕೆಳಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟು, ಕಿಟಕಿಯ ಸರಳು ಹಿಡಿದು ಹೊರಗೆ ಜೋತಾಡುತ್ತಿದ್ದಾರೆ! ಇನ್ನೊಂದು ಕೈಯಲ್ಲಿ ನನ್ನ ಹಾಳೆ.

"ಫರ್ಟೈಲ್! ಫಲವತ್ತಾದ, ಫಲವತ್ತಾದ, ಫಲವತ್ತಾದ! ರೈಟ್... ಪೋಯ್!"

ರೈಟ್ ಪೋಯ್ ಎಂದರೆ ಆ ಶಬ್ದ ಬಾಯಿಗೆ ಬಂತು, ಮುಂದಿನದಕ್ಕೆ ಹೊರಡಬಹುದು ಎಂದರ್ಥ. ಶಬ್ದ ನಾಲಿಗೆಗೆ ಸಿಕ್ಕಿಕೊಂಡರೆ "ಹೋಲ್ಡಾನ್!" ಎಂದು ನಿಲ್ಲಿಸುವರು. ಕೂತು ಓದಬಾರದೇ ಎಂದು ಕೇಳಿದೆ.

"ಕೂಕಂಡ್ರೆ ಒಂದೂ ತಲೆಗ್ ಹೋತಿಲ್ಲೆ ಮಗಾ. ಮೂವತ್ಮೂರ್ ವರ್ಷ ನಿಂತ್ಕಂಡೇ ತಲೆ ಓಡ್ಸಿದ್ದ್."

ಚಿಕ್ಕಮ್ಮ ಒಳಗಿನಿಂದ ಬಂದು ಸೊಂಟಕ್ಕೆ ಕೈ ಇಟ್ಟು ನಿಂತರು. "ಕಂಡ್ಯಾ ನಿನ್ ಶಿಷ್ಯನ್ನ? ಬೆಳಿಗ್ಗೆಯಿಂದ ಈ ಮನಿ ಎಲ್ಲಿಗೋ ಹೋತಾ ಇತ್ತ್. ಒಳ್ಗೆ ಅನ್ನ ಬೇಯ್ಸ್ತಾ ನಾನೂ ಹೋತಾ ಇದ್ದೆ!"

ಚಿಕ್ಕಪ್ಪನ ಕಲಿಕೆಗೆ ಒಂದು ನಿಯಮವಿತ್ತು. ಬೆಳಗ್ಗೆ ಕಲಿತ ಶಬ್ದವನ್ನು ಸಂಜೆಯೊಳಗೆ ಯಾರ ಮೇಲಾದರೂ ಪ್ರಯೋಗಿಸಿಬಿಡಬೇಕು. ಮೊದಲ ಬಲಿ ಆಚೆಮನೆಯ ಅಕ್ಕಯ್ಯ. ಅವರ ಕೋಳಿಗಳು ಬೇಲಿ ದಾಟಿ ಬಂದು ಚಿಕ್ಕಪ್ಪನ ಬಸಳೆ ಬುಡವನ್ನು ಕೆದರುತ್ತಿದ್ದವು. ಇತಿಹಾಸದ ಸಾಲಿನಲ್ಲಿ 'ಇನ್ವೇಡ್' ಎಂಬ ಶಬ್ದವಿದೆ, ಆಕ್ರಮಣ ಮಾಡು ಎಂದು. ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಚಿಕ್ಕಪ್ಪ ಬೇಲಿಯ ಹತ್ತಿರ ನಿಂತು ಬಸ್ ಸ್ಟ್ಯಾಂಡಿನ ಕಂಠದಲ್ಲಿ ಕೂಗಿದರು.

"ಹ್ವಾಯ್ ಅಕ್ಕಯ್ಯ! ಯುವರ್ ಕೋಳಿ ಇನ್ವೇಡೆಡ್! ಇನ್ವೇಡೆಡ್!"

ಅಕ್ಕಯ್ಯನಿಗೆ ಕಿವಿ ಸ್ವಲ್ಪ ಮಂದ. "ವಡೆಯಾ? ಇವತ್ತ್ ವಡೆ ಮಾಡ್ಲಿಲ್ಲೆ ಮಾರಾಯ್ರೆ, ಇಡ್ಲಿ ಮಾಡಿದ್ದ್. ತಿಂಬ ಆಸೆ ಆಯ್ತಾ?" ಎಂದರು ಪಾಪ. ಸಂಜೆ ಬಾಳೆಲೆ ಮುಚ್ಚಿದ ಒಂದು ತಟ್ಟೆ ಬಿಸಿಬಿಸಿ ಉದ್ದಿನ ವಡೆ ಬೇಲಿ ದಾಟಿ ಬಂತು. ಪ್ರಪಂಚದ ಇತಿಹಾಸದಲ್ಲಿ ಆಕ್ರಮಣ ಮಾಡಿದವರು ವಡೆ ಕಳಿಸಿದ್ದು ಬಹುಶಃ ಅದೇ ಮೊದಲು! ಚಿಕ್ಕಪ್ಪ ಐದು ವಡೆ ತಿಂದು, ಇಂಗ್ಲಿಷ್ ತುಂಬ ಉಪಯೋಗದ ಭಾಷೆ ಎಂದು ತೀರ್ಮಾನಿಸಿದರು.

ಸಮಾಜದ ಸಾಲಿನಲ್ಲಿ 'ಡೆನ್ಸ್‌ಲಿ ಪಾಪ್ಯುಲೇಟೆಡ್' ಇತ್ತು, ಜನ ಕಿಕ್ಕಿರಿದ ಪ್ರದೇಶ. ಅದು ಅವರಿಗೆ ಒಂದೇ ನಿಮಿಷದಲ್ಲಿ ಬಂತು, ಬಸ್ಸಿನ ನೆನಪಿನಿಂದ. ಅದರ ವಿರುದ್ಧದ್ದು 'ಸ್ಪಾರ್ಸ್‌ಲಿ ಪಾಪ್ಯುಲೇಟೆಡ್', ಅಲ್ಲೊಂದು ಇಲ್ಲೊಂದು ಜನವಿರುವ ಜಾಗ. ಇದು ಮಾತ್ರ ಬಾಯಿಗೆ ಹತ್ತಲೇ ಇಲ್ಲ. ಎರಡು ದಿನ ಕಿಟಕಿಯ ಸರಳಿಗೆ ಜೋತುಬಿದ್ದು ಒದ್ದಾಡಿದರು. ಉದಾಹರಣೆಗೆ ಅಂಥ ಒಂದು ಜಾಗವನ್ನು ನೆನಪಿಟ್ಟುಕೊಳ್ಳಿ ಎಂದು ನಾನು ಫೋನಿನಲ್ಲಿ ಉಪಾಯ ಹೇಳಿದೆ.

"ನಮ್ಮ್ ರೂಟಲ್ಲಿ ಅಂಥ ಜಾಗ ಎಲ್ಲಿತ್ತ್?" ಎಂದು ಅವರು ಯೋಚಿಸುತ್ತಿರುವಾಗ ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸಿತು.

"ನಿಮ್ ಮಂಡೆ ಮೇಲೆ ಕೈ ಆಡ್ಸ್ಕಣಿ, ನೆನಪಾತ್ತ್!"

ಮುಂದೆಂದೂ ಆ ಶಬ್ದ ಮರೆಯಲಿಲ್ಲ. ಉಳಿದಿದ್ದ ಏಳೆಂಟು ಕೂದಲನ್ನು ಬಾಚುವಾಗೆಲ್ಲ ಅದನ್ನೊಮ್ಮೆ ಹೇಳಿಕೊಳ್ಳುತ್ತಿದ್ದರಂತೆ.

ಇವೆಲ್ಲ ಮನೆಯೊಳಗಿನ ತಮಾಷೆ. ನಿಜವಾದ ಗಂಡಾಂತರ ನಡೆದದ್ದು ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಗಂಡಿನ ದೊಡ್ಡಪ್ಪ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಂದವರು. ಮಾತಿನ ಮಧ್ಯೆ ನಾಲ್ಕು ಇಂಗ್ಲಿಷ್ ವಾಕ್ಯ ಬಿಟ್ಟರು. ನಮ್ಮ ಅಪ್ಪ ತಲೆಯಾಡಿಸಿ ಸುಮ್ಮನಾದರು. ಚಿಕ್ಕಪ್ಪ ಸುಮ್ಮನಿರುತ್ತಾರೆಯೇ? ಎದ್ದರು. ಬಾಗಿಲ ದಾರಂದ ಹಿಡಿದರು.

"ಸರ್! ಅವರ್ ಫ್ಯಾಮಿಲಿ ವೆರಿ ಏನ್ಷಿಯಂಟ್!"

ಬಹಳ ಪ್ರಾಚೀನ ಮನೆತನ. ಪರವಾಗಿಲ್ಲ, ಒಳ್ಳೆಯ ಆರಂಭ. ದೊಡ್ಡಪ್ಪ ಮುಗುಳ್ನಕ್ಕರು.

"ವೆರಿ ಫರ್ಟೈಲ್!"

ದೊಡ್ಡಪ್ಪನ ಮುಗುಳ್ನಗೆ ಅರ್ಧಕ್ಕೆ ನಿಂತಿತು. ಚಿಕ್ಕಪ್ಪ ಹೇಳಹೊರಟದ್ದು ನಮ್ಮ ಗದ್ದೆಯ ವಿಷಯ ಎಂದು ನನಗೇನೋ ಗೊತ್ತು!

"ಆಂಡ್ ಫುಲ್ ಡೈವೋರ್ಸ್!"

ಗಂಡಿನ ತಾಯಿ ಬಾಯಿಯ ಹತ್ತಿರ ಒಯ್ದಿದ್ದ ಕೇಸರಿಬಾತಿನ ಚಮಚವನ್ನು ತಟ್ಟೆಗೆ ಇಳಿಸಿದರು.

"ಯಾರದ್ದು... ಯಾರದ್ದು ಆದದ್ದು?" ಎಂದು ದೊಡ್ಡಪ್ಪ ಕನ್ನಡಕ್ಕೆ ಇಳಿದು ಕೇಳಿದರು.

"ಎಲ್ಲರ್ದೂ!" ಎಂದರು ಚಿಕ್ಕಪ್ಪ ಹೆಮ್ಮೆಯಿಂದ. "ಮನಿಯಲ್ಲಿ ಒಬ್ರಾರೂ ಬಿಟ್ಟ್ ಹೋಯ್ಲಿಲ್ಲೆ!"

ಅವರು ಹೇಳಬೇಕಾಗಿದ್ದದ್ದು 'ಡೈವರ್ಸ್', ಅಂದರೆ ವೈವಿಧ್ಯಮಯ. ಒಬ್ಬ ದೇವಸ್ಥಾನದ ಪರಿಚಾರಕ, ಒಬ್ಬ ಬೇಸಾಯಗಾರ, ಒಬ್ಬ ಮುಂಬೈಯಲ್ಲಿ ಹೋಟೆಲಿನವ, ಒಬ್ಬ ಕಂಡಕ್ಟರ್, ಒಬ್ಬಳು ಟೀಚರ್, ಹೀಗೆ ನಾನಾ ಬಗೆಯ ಜನ ನಮ್ಮಲ್ಲಿದ್ದಾರೆ ಎಂಬುದು ಅವರ ಅಭಿಪ್ರಾಯ! ನಾನು ಅಡುಗೆಮನೆಯಿಂದ ಓಡಿಬಂದು ಕೈಮುಗಿದು, ಹಾಳೆ ತೋರಿಸಿ, ಶಬ್ದ ತೋರಿಸಿ ವಿವರಿಸಬೇಕಾಯಿತು. ಮೊದಲು ನಕ್ಕವನು ಗಂಡು. ಆ ನಗುವಿಗೇ ನನ್ನ ತಂಗಿ ಒಪ್ಪಿದಳು. ಮದುವೆಯೂ ಆಯಿತು. ಇವತ್ತಿಗೂ ತಂಗಿಯ ಗಂಡ ಮನೆಗೆ ಬಂದಾಗ ಚಪ್ಪಲಿ ಬಿಡುವ ಮೊದಲು, "ಎಲ್ಲ ಡೈವೋರ್ಸ್ ಚೆನ್ನಾಗಿದ್ದೀರಾ?" ಎಂದು ಕೇಳುತ್ತಾನೆ.

ಅದೇ ಮದುವೆಯ ಊಟದಲ್ಲಿ ಇನ್ನೊಂದು. ಪಂಕ್ತಿಯಲ್ಲಿ ಚಿಕ್ಕಪ್ಪನ ಆಚೆ ಒಬ್ಬರು, ಈಚೆ ಒಬ್ಬರು ಗಜಗಾತ್ರದ ನೆಂಟರು. ಬಡಿಸುವವರು ಅವರಿಬ್ಬರ ಎಲೆ ಕಂಡವರು ನಡುವಿನ ಎಲೆಯನ್ನೇ ಕಾಣದೆ ದಾಟಿಹೋಗುತ್ತಿದ್ದರು. ಎರಡು ಸಲ ಪಾಯಸ ತಪ್ಪಿತು. ಮೂರನೆಯ ಸಲ ಚಿಕ್ಕಪ್ಪ ಕೈ ಎತ್ತಿ, "ಲ್ಯಾಂಡ್‌ಲಾಕ್ಡ್! ಐ ಆಮ್ ಲ್ಯಾಂಡ್‌ಲಾಕ್ಡ್!" ಎಂದು ಅಬ್ಬರಿಸಿದರು. ಎಲ್ಲ ಕಡೆ ನೆಲವೇ ಸುತ್ತುವರಿದು ಸಮುದ್ರ ಸಿಗದ ದೇಶಕ್ಕೆ ಹಾಗೆನ್ನುತ್ತಾರೆ. ಬಡಿಸುವವನು ಗಾಬರಿಯಿಂದ, "ಅದ್ ಮಾಡ್ಸ್ಲಿಲ್ಲೆ ಚಿಕ್ಕಪ್ಪ, ಜಿಲೇಬಿ ಇತ್ತ್, ಹಾಕ್ಲಾ?" ಎಂದ.

ಅಂತೂ ನಲವತ್ತು ಶಬ್ದವೂ ಬಂತು. ವ್ಯಾನಿನ ಯುವಕ ಪರೀಕ್ಷೆಗೆ ದಿನ ಗೊತ್ತು ಮಾಡಿದ. ಡಿಸೆಂಬರಿನ ಒಂದು ಆದಿತ್ಯವಾರ, ಬೆಳಗ್ಗೆ. ಬ್ರಹ್ಮಾವರದಿಂದ ಬೈಂದೂರಿಗೆ ನಾಲ್ಕು ಜನ ಪ್ರವಾಸಿಗರು. ಪೋಲೆಂಡ್ ದೇಶದ ವಯಸ್ಸಾದ ಗಂಡಹೆಂಡತಿ, ಮತ್ತೆ ನಾಗಪುರದ ಇಬ್ಬರು ನಿವೃತ್ತ ಟೀಚರಮ್ಮಂದಿರು. ಅವರಿಗೆ ಹಿಡಿಸಿದರೆ ಕೆಲಸ. ನನ್ನನ್ನು ಜೊತೆಗೆ ಕರೆದುಕೊಂಡದ್ದು ಸ್ಟೆಪ್ನಿ ಟಯರಿನ ಹಾಗೆ, ಎಲ್ಲಾದರೂ ಪಂಕ್ಚರ್ ಆದರೆ ಇರಲಿ ಎಂದು. ಚಿಕ್ಕಮ್ಮನ ತವರು ಕಿರಿಮಂಜೇಶ್ವರ, ದಾರಿಯಲ್ಲೇ ಇದೆ. ಅಣ್ಣನನ್ನು ನೋಡಿದ ಹಾಗಾಯಿತೆಂದು ಅವರೂ ಹೊರಟರು. ಪ್ರವಾಸಿಗರಿಗೆಂದು ಒಂದು ಡಬ್ಬಿ ಗೋಳಿಬಜೆ ಕರಿದು ತಂದು ಹಿಂದಿನ ಸೀಟಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತರು.

ಚಿಕ್ಕಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬಂದರು. ಬಣ್ಣದ ಅಂಗಿ ಹಾಕಿಕೊಳ್ಳಿ ಎಂದು ನಾನು ಹೇಳಿದ್ದೆ. "ಇದೂ ಬಣ್ಣವೇ ಅಲ್ದಾ?" ಎಂದರು.

ಮೊದಲ ಪೆಟ್ಟು ವ್ಯಾನಿನ ಬಾಗಿಲಲ್ಲೇ ಬಿತ್ತು. ಅದು ಏಸಿ ವ್ಯಾನು. ಬಾಗಿಲು ಜಾರಿ ಮುಚ್ಚಿಕೊಳ್ಳುತ್ತದೆ, ಫುಟ್‌ಬೋರ್ಡಿಲ್ಲ! ಮಾಲೀಕನೇ ಡ್ರೈವರ್. ಅವನು ಚಿಕ್ಕಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದ. ಚಿಕ್ಕಪ್ಪನ ಮುಖ ನೋಡಬೇಕಿತ್ತು, ಕಟ್ಟಿಹಾಕಿದ ಕರುವಿನ ಹಾಗೆ. ನನಗೆ ಆಗಲೇ ಗೊತ್ತಾಯಿತು, ಪಂಕ್ಚರ್ ಎಂದು.

ಮಾಬುಕಳದ ಸೇತುವೆ ಬಂತು. ಕೆಳಗೆ ಸೀತಾನದಿ ಬೆಳಗಿನ ಬಿಸಿಲಿಗೆ ಹಾಸಿಕೊಂಡು ಬಿದ್ದಿದೆ, ದಡದ ತೆಂಗಿನ ಸಾಲು ತಲೆಕೆಳಗಾಗಿ ನೀರಿನಲ್ಲಿ ಕಾಣುತ್ತಿದೆ. ನೆಲ-ಜಲದ ಸಾಲಿನ ಹದಿಮೂರು ಶಬ್ದ ಕಾಯುತ್ತಿರುವ ಸ್ಥಳ! ನಾಲ್ವರೂ ಚಿಕ್ಕಪ್ಪನನ್ನೇ ನೋಡಿದರು. ಚಿಕ್ಕಪ್ಪ ಬಾಯಿ ತೆರೆದರು.

"ರಿವರ್" ಎಂದರು.

ಅಷ್ಟೇ. ಸಾಸ್ತಾನ ಬಂದಾಗ "ಟೋಲ್" ಎಂದರು. ಸಾಲಿಗ್ರಾಮದಲ್ಲಿ "ಮೈ ಹೌಸ್" ಎಂದರು, ಅದೂ ಮನೆ ದಾಟಿಹೋದ ಮೇಲೆ. ನಾಗಪುರದ ಟೀಚರಮ್ಮ ಒಬ್ಬರು ಆಕಳಿಸಿದರು. ಮಾಲೀಕ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಚಿಕ್ಕಪ್ಪನ ಕುತ್ತಿಗೆಯ ಮೇಲೆ ಏಸಿಯ ಚಳಿಯಲ್ಲೂ ಬೆವರಿನ ಹನಿ. ನನಗೆ ನಗು ಬರಲಿಲ್ಲ. ಇವರು ಮನೆಗೆ ಹಿಂದಿರುಗಿ ಮತ್ತೆ ಜಗಲಿಯಲ್ಲಿ ಹಾರ್ನ್ ಕೇಳುತ್ತ ಕೂರುವುದು ಕಣ್ಣಮುಂದೆ ಬಂತು. ನಾನೇ ಶುರು ಮಾಡಲೇ ಎಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಚಿಕ್ಕಮ್ಮನ ಆಜ್ಞೆಯಾಯಿತು.

"ಹ್ವಾಯ್, ಕೇಂಡ್ರ್ಯಾ? ಎದ್ದ್ ನಿಲ್ಲಿನಿ! ಕೂಕಂಡ್ ನಿಮ್ಗೆ ಬತ್ತಿಲ್ಲೆ!"

ಕೋಟದಲ್ಲಿ ವ್ಯಾನು ನಿಂತಿತು. ಚಿಕ್ಕಪ್ಪ ಬೆಲ್ಟ್ ಬಿಚ್ಚಿ, ಹಿಂದೆ ಬಂದು, ಎರಡು ಸೀಟಿನ ನಡುವೆ ಬಗ್ಗಿ ನಿಂತರು. ತಲೆ ವ್ಯಾನಿನ ಚಾವಣಿಗೆ ತಾಗುತ್ತಿತ್ತು. ಸಾಮಾನು ಇಡುವ ಹಲಗೆಯ ಅಂಚನ್ನು ಒಂದು ಕೈಯಲ್ಲಿ ಹಿಡಿದರು. ವ್ಯಾನು ಹೊರಟು ಮೈ ಒಮ್ಮೆ ಓಲಾಡಿದ್ದೇ ತಡ, ಅಣೆಕಟ್ಟು ಒಡೆಯಿತು!

"ಮುಂದೆ ಹೋಯ್ನಿ, ಮುಂದೆ ಹೋಯ್ನಿ! ಮುಂದೆ ಎಷ್ಟ್ ಜಾಗ ಇತ್ತ್ ಕಾಣಿ!"

ಪೋಲೆಂಡಿನ ಮುದುಕ ಗಡಬಡಿಸಿ ಎದ್ದು, ಚಿಕ್ಕಪ್ಪ ಬಿಟ್ಟುಬಂದಿದ್ದ ಮುಂದಿನ ಸೀಟಿಗೆ ಹೋಗಿ ಕೂತ. ಆ ದನಿಗೆ ಭಾಷಾಂತರ ಬೇಡ.

ಆಮೇಲೆ ಬಂದದ್ದು ಇಂಗ್ಲಿಷ್ ಹೌದೋ ಅಲ್ಲವೋ ನಾನು ಹೇಳಲಾರೆ. ನನ್ನ ನಲವತ್ತು ಶಬ್ದಗಳು ಅಲ್ಲಲ್ಲಿ ಇದ್ದವು, ನಡುವೆ ಕುಂದಾಪ್ರ ಕನ್ನಡ, ಸ್ವಲ್ಪ ಹಿಂದಿ, ಉಳಿದದ್ದು ಕೈ. ತೆಕ್ಕಟ್ಟೆ ಬಂದಾಗ, "ಸೊಸೈಟಿ!" ಎಂದು ಶುರು ಮಾಡಿದರು. ಇಲ್ಲಿ ಒಬ್ಬರು ಮಾಸ್ತರರು ದಿನಾ ಹತ್ತುತ್ತಿದ್ದರು, ಇಪ್ಪತ್ತು ವರ್ಷ, ಅದೇ ಸೀಟು. ಒಂದು ದಿನ ಬರಲಿಲ್ಲ. ಮರುದಿನವೂ ಇಲ್ಲ. "ಒನ್ ವೀಕ್ ಐ ಕೀಪ್ ಸೀಟ್ ಎಂಪ್ಟಿ! ನೋಬಡಿ ಸಿಟ್!" ಎಂದರು. ವ್ಯಾನಿನಲ್ಲಿ ಎಲ್ಲರೂ ಗಂಭೀರರಾದರು. ನಾಗಪುರದ ಟೀಚರಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು, ಆಮೇಲೆ ಎಂದು ಕೇಳಿದರು.

"ಆಫ್ಟರ್ ಒನ್ ವೀಕ್ ಹಿ ಕಮ್! ಮುಂಬೈ ಹೋದದ್ದ್, ಮಗಳ್ ಬಾಣಂತನಕ್ಕೆ!"

ಹೆಮ್ಮಾಡಿಯಲ್ಲಿ ಇತಿಹಾಸ ಬಂತು. ಸೇವಂತಿಗೆ ಗದ್ದೆಯ ಅಂಚಿನಿಂದ ಒಬ್ಬಳು ಹುಡುಗಿ ದಿನಾ ಓಡಿಕೊಂಡೇ ಬರುತ್ತಿದ್ದಳು. ಡ್ರೈವರ್ ಎಷ್ಟು ಬೈದರೂ ಚಿಕ್ಕಪ್ಪ ರೈಟ್ ಹೇಳುತ್ತಿರಲಿಲ್ಲ, ಅವಳು ಬರುವವರೆಗೆ. ಈಗ ಅವಳು ನರ್ಸ್. ಕಳೆದ ವರ್ಷ ಜ್ವರ ಬಂದಾಗ ಚಿಕ್ಕಪ್ಪನಿಗೆ ಸೂಜಿ ಚುಚ್ಚಿದವಳೇ ಅವಳು. "ವೆರಿ ಪೇನ್‌ಫುಲ್ ಹಿಸ್ಟರಿ!" ಎಂದು ಸೊಂಟ ಮುಟ್ಟಿ ತೋರಿಸಿದರು.

ಪೋಲೆಂಡಿನ ಮುದುಕನ ಇಂಗ್ಲಿಷೂ ಚಿಕ್ಕಪ್ಪನದರ ಒಡಹುಟ್ಟೇ. ತಮ್ಮ ದೇಶವೂ ಬಯಲು, ಫಲವತ್ತಾದ ನೆಲ, ಅದಕ್ಕೇ ಅಕ್ಕಪಕ್ಕದವರು ಎಷ್ಟೋ ಸಲ ಆಕ್ರಮಿಸಿದರು ಎಂದು ಆತ ತಡವರಿಸುತ್ತ ಹೇಳಿದ. ಗೊತ್ತಿದ್ದ ಶಬ್ದ ಕಿವಿಗೆ ಬಿದ್ದದ್ದೇ ಚಿಕ್ಕಪ್ಪ ಅರಳಿದರು.

"ಇನ್ವೇಡ್! ಐ ನೋ! ಮೈ ಹೌಸ್ ಆಲ್ಸೋ. ಚಿಕನ್!"

ನಾನು ಕೋಳಿ-ವಡೆ ಪ್ರಸಂಗವನ್ನು ಬಿಡಿಸಿ ಹೇಳಿದೆ. ಮುದುಕ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ನಮಗೆ ಯಾರೂ ವಡೆ ಕಳಿಸಲಿಲ್ಲ ಎಂದ. ಚಿಕ್ಕಮ್ಮ ತಕ್ಷಣ ಡಬ್ಬಿ ತೆರೆದು ಅವನ ಕೈಗೆ ಎರಡು ಗೋಳಿಬಜೆ ಹಾಕಿದರು.

ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ ಅಲ್ಲವೇ? ತ್ರಾಸಿ ಬರುವ ಮೊದಲೇ ಸಿಕ್ಕಿತ್ತು. ಮಾಲೀಕ ಕನ್ನಡಿಯಲ್ಲೇ ನೋಡುತ್ತ, "ಬಪ್ಪ ಆದಿತ್ಯವಾರವೂ ಬತ್ರಿ ಅಲ್ದಾ?" ಎಂದ. ಚಿಕ್ಕಪ್ಪ ಏನೂ ಅಲ್ಲವೆಂಬಂತೆ, "ಕಾಂಬ, ಪುರ್ಸೊತ್ತ್ ಇದ್ರೆ" ಎಂದರು. ಅವರ ಕಿವಿ ಮಾತ್ರ ಕೆಂಪಾಗಿತ್ತು.

ಇಷ್ಟಕ್ಕೆ ನಾನು ನಿಲ್ಲಿಸಬಹುದಿತ್ತು. ಆದರೆ ತ್ರಾಸಿ ಆದ ಮೇಲೆ ಮರವಂತೆ ಬರುತ್ತದೆ.

ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ನಾವು. ಚಿಕ್ಕಪ್ಪ ಆವರೆಗೆ ಉಳಿಸಿಟ್ಟುಕೊಂಡಿದ್ದ ಶಬ್ದಗಳನ್ನೆಲ್ಲ ಇಲ್ಲಿ ಸುರಿದರು. ಕೋಸ್ಟ್‌ಲೈನ್ ಎಂದರು, ಬ್ಯೂಟಿಫುಲ್ ಎಂದರು, ಇಡೀ ವರ್ಲ್ಡಿನಲ್ಲಿ ಹೀಗಿಲ್ಲ ಎಂದರು. ವರ್ಲ್ಡ್ ಎಂದರೆ ಎಷ್ಟು ದೂರ ಎಂದು ನಾನು ಕೇಳಲಿಲ್ಲ. ಮಾಲೀಕ ವ್ಯಾನು ನಿಲ್ಲಿಸಿ, ಕಾಲು ಗಂಟೆ ಸಮಯ ಎಂದ. ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದರು. ಚಿಕ್ಕಮ್ಮನೂ ಇಳಿದು ಮರಳಿನ ಅಂಚಿನಲ್ಲಿ ನಿಂತರು. ಚಿಕ್ಕಪ್ಪ ಮಾತ್ರ ವ್ಯಾನಿನ ಬಾಗಿಲಲ್ಲೇ ನಿಂತಿದ್ದರು.

ಪೋಲೆಂಡಿನ ಹೆಂಗಸು ತಿರುಗಿ ನೋಡಿ, ಇಲ್ಲಿ ನೀರು ಬೆಚ್ಚಗಿರುತ್ತದೆಯೇ ಎಂದು ಕೇಳಿದಳು.

ಚಿಕ್ಕಪ್ಪ ಕಡಲ ಕಡೆ ಒಮ್ಮೆ ನೋಡಿದರು. "ಐ ಡೋಂಟ್ ನೋ, ಮೇಡಂ" ಎಂದರು.

ನನಗೆ ಆಶ್ಚರ್ಯ. "ಗೊತ್ತಿಲ್ಯಾ ಚಿಕ್ಕಪ್ಪ?"

"ಇಲ್ಲೆ ಮಗಾ. ಇಲ್ಲಿ ನಮ್ಮ್ ಬಸ್ಸಿಗೆ ಸ್ಟಾಪ್ ಇದ್ದಿರ್ಲಿಲ್ಲೆ. ನಾನ್ ಒಂದ್ ದಿನವೂ ಇಳಿಲಿಲ್ಲೆ."

ದಿನಕ್ಕೆ ನಾಲ್ಕು ಸಲ. ಮೂವತ್ಮೂರು ವರ್ಷ. ನಾನು ಚಿಕ್ಕಮ್ಮನ ಹತ್ತಿರ ಹೋಗಿ ನಿಂತೆ. ಅವರು ಕಡಲನ್ನೇ ನೋಡುತ್ತಿದ್ದರು.

"ಮದ್ವಿಯಾದ್ ವರ್ಷ ಅವ್ರ್ ಬಸ್ಸಲ್ಲೇ ಅಮ್ಮನ್ ಮನಿಗ್ ಹೊರ್ಟಿದ್ದೆ" ಎಂದರು ಮೆಲ್ಲಗೆ. "ಮುಂದಿನ್ ಸೀಟಲ್ಲ್ ಕೂಕಂಡಿದ್ದೆ. ಇಲ್ಲಿ ಬಪ್ಪತಿಗೆ ಕೇಂಡೆ, ಎರಡ್ ನಿಮ್ಷ ನಿಲ್ಸ್ತ್ರ್ಯಾ, ಒಂದ್ಸಲ ಕಡ್ಲ್ ನೀರಲ್ಲ್ ಕಾಲ್ ಒದ್ದಿ ಮಾಡ್ಕಂಡ್ ಬತ್ತೆ ಅಂದೇಳಿ. ಬಸ್ ತುಂಬ ಜನ. ಹ್ಯಾಂಗ್ ನಿಲ್ಸುದ್ ಹೇಳ್? ಇನ್ನೊಂದಿನ ಇಳ್ಸ್ತೆ ಅಂದ್ರ್. ಮತ್ತೆ ನಾ ಕೇಣ್ಲಿಲ್ಲೆ."

ಗಾಳಿಗೆ ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದುವರಿಸಿದರು. "ಆರೆ ಒಂದ್ ಕಂಡಿದ್ದೆ. ನಾನ್ ಬಸ್ಸಲ್ಲ್ ಇದ್ದಾಗೆಲ್ಲ ಈ ಜಾಗ ಬಂದ್ರೆ ಅವ್ರ್ ಟಿಕೇಟ್ ಕೊಡುದ್ ನಿಲ್ಸ್ತಿದ್ರ್. ಬಾಗ್ಲಲ್ಲ್ ಸುಮ್ನೆ ನಿಂತ್ಕಂತಿದ್ರ್, ಮರವಂತೆ ದಾಟು ತನ್ಕ. ಅವ್ರಿಗ್ ನೆನಪಿತ್ತ್ ಅಂದೇಳಿ ನಂಗ್ ಗೊತ್ತಾತಿತ್ತ್."

ಮತ್ತೆ ಅವರು ತಿರುಗಿ ನಿಂತು ವ್ಯಾನಿನ ಕಡೆಗೆ ಕೂಗಿದರು. "ಹ್ವಾಯ್! ಇಳೀನಿ!"

ಚಿಕ್ಕಪ್ಪ ಇಳಿದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರು. ಮರಳಿನಲ್ಲಿ ಕಾಲು ಹೂತು, ನಡೆಯಲು ಬಾರದವರಂತೆ ಒಂದೊಂದೇ ಹೆಜ್ಜೆ ಇಟ್ಟು ಬಂದರು. ಇಬ್ಬರೂ ನೀರಿನವರೆಗೆ ಹೋದರು. ಅಲೆ ಬಂದು ಚಿಕ್ಕಮ್ಮನ ಸೀರೆಯ ಅಂಚು ಒದ್ದೆಯಾಯಿತು. ಅವರು ಅದನ್ನು ಎತ್ತಿ ಹಿಡಿಯಲಿಲ್ಲ.

ಕಾಲು ಗಂಟೆ ಕಳೆಯಿತು. ಪ್ರವಾಸಿಗರು ಒಬ್ಬೊಬ್ಬರಾಗಿ ವ್ಯಾನಿಗೆ ಬಂದರು. ಮಾಲೀಕ ನನ್ನ ಹತ್ತಿರ ಬಂದು, ಅವರಿಬ್ಬರನ್ನು ಕರೆಯುತ್ತೀರಾ ಎಂದ. ಕರೆಯಲೆಂದೇ ಹೋದೆ. ಅವರು ಒದ್ದೆ ಮರಳಿನ ಮೇಲೆ ಪಕ್ಕಪಕ್ಕ ಕೂತಿದ್ದರು. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಆವತ್ತೇ ಇಳ್ಸ್ಬೇಕಿತ್ತ್" ಎನ್ನುತ್ತಿದ್ದರು ಚಿಕ್ಕಪ್ಪ.

"ಹೋಯ್ಲಿ ಬಿಡಿ" ಎಂದರು ಚಿಕ್ಕಮ್ಮ. "ಆವತ್ತಾರೆ ಎರಡೇ ನಿಮ್ಷ ಕೊಡ್ತಿದ್ರಿ."

ನಾನು ಕರೆಯಲಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ, ಇನ್ನೂ ಸ್ವಲ್ಪ ಹೊತ್ತಾಗುತ್ತದೆ ಎಂದು ವ್ಯಾನಿನವರಿಗೆ ಹೇಳಿದೆ.